ಹೊಲಿಗೆ ಬಿಚ್ಚಿದ ಮೇಲೆ ಸೋತ ಕಾಲು

"ಬೆನ್ನಿಗೆ ಇಂಜೆಕ್ಷನ್ ಕೊಟ್ಟರಲ್ಲ, ಅವತ್ತಿನಿಂದಲೇ ಶುರುವಾಯಿತು." ಸಿಸೇರಿಯನ್ ಆದ ತಾಯಂದಿರಿಂದ ಹಿಡಿದು ಮಂಡಿ ಬದಲಿಸಿಕೊಂಡ ಹಿರಿಯರವರೆಗೆ ಎಷ್ಟೋ ಜನರ ಬಾಯಲ್ಲಿ ಈ ಮಾತನ್ನು ಕೇಳಿದ್ದೇವೆ. ಬಹುಪಾಲು ಬೆನ್ನುನೋವಿಗೆ ಆ ಸೂಜಿ ಕಾರಣವಲ್ಲ. ಆದರೆ ಆಪರೇಷನ್ ಆದ ಕೆಲವೇ ಕೆಲವರಲ್ಲಿ ಕಾಲು ನಿಜವಾಗಿಯೂ ಸೋಲುತ್ತದೆ. ಅದು ಸೋಲುವ ರೀತಿಯೇ ವಿಚಿತ್ರ.

ಕರುಳಿನ ಆಪರೇಷನ್ ಮಾಡಿಸಿಕೊಂಡ ಐವತ್ತರ ಆಸುಪಾಸಿನವರೊಬ್ಬರನ್ನು ಕಲ್ಪಿಸಿಕೊಳ್ಳಿ. ಆಪರೇಷನ್ ಸುಸೂತ್ರವಾಗಿ ಮುಗಿದಿದೆ. ಮೂರನೆಯ ದಿನ ವಾರ್ಡಿನಲ್ಲಿ ಓಡಾಡಿದ್ದಾರೆ, ವಾರಕ್ಕೆ ಮನೆಗೆ ಬಂದಿದ್ದಾರೆ, ಹೊಲಿಗೆ ಬಿಚ್ಚಿದ್ದೂ ಆಗಿದೆ. ಹನ್ನೆರಡನೆಯ ದಿನ ಎರಡೂ ಅಂಗಾಲಿನಲ್ಲಿ ಜೋಮು. ಮರುದಿನ ಚಪ್ಪಲಿ ಕಾಲಿನಿಂದ ಜಾರಿದ್ದು ಅವರಿಗೆ ಗೊತ್ತೇ ಆಗುವುದಿಲ್ಲ. ಅದರ ಮರುದಿನ ಕುಕ್ಕರುಗಾಲಲ್ಲಿ ಕುಳಿತವರಿಗೆ ಗೋಡೆ ಹಿಡಿಯದೆ ಏಳಲಾಗುವುದಿಲ್ಲ. ಮನೆಯವರು ಹೇಳುತ್ತಾರೆ: "ಆಪರೇಷನ್ ಆದ ಮೇಲೆ ನಿಶ್ಶಕ್ತಿ ಇದ್ದದ್ದೇ, ನಾಲ್ಕು ದಿನ ಗಂಜಿ ಕುಡಿದರೆ ಸರಿಹೋಗುತ್ತದೆ." ಇನ್ನೆರಡು ದಿನಕ್ಕೆ ಕೈಯೂ ಸೋಲುತ್ತದೆ, ನೀರು ನುಂಗಲು ಕಷ್ಟವಾಗುತ್ತದೆ.

ಕತ್ತರಿ ಆಡಿದ್ದು ಹೊಟ್ಟೆಯಲ್ಲಿ. ಕಾಲಿನ ನರವನ್ನು ಯಾರೂ ಮುಟ್ಟಿಲ್ಲ. ಆಪರೇಷನ್ನಿನ ಮರುದಿನ ಚೆನ್ನಾಗಿದ್ದ ಕಾಲು ಎರಡು ವಾರ ಬಿಟ್ಟು ಸೋತದ್ದೇಕೆ?

ಮೊದಲು ಕೇಳಬೇಕಾದ ಪ್ರಶ್ನೆ

ಇಂಥ ರೋಗಿಯನ್ನು ನೋಡಿದ ನರರೋಗ ತಜ್ಞರು ಮೊದಲು ಕೇಳುವುದು "ಯಾವಾಗ ಶುರುವಾಯಿತು?" ಎಂದು. ಅರ್ಧ ಉತ್ತರ ಆ ಒಂದು ಪ್ರಶ್ನೆಯಲ್ಲೇ ಇರುತ್ತದೆ.

ಆಪರೇಷನ್ ಟೇಬಲ್ಲಿನ ಮೇಲೆ ನರ ತುಂಡಾಗಿದ್ದರೆ ಮಂಪರು ಇಳಿದ ಕೂಡಲೇ ಗೊತ್ತಾಗುತ್ತದೆ. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಮಲಗಿ ಮಂಡಿಯ ಹೊರಬದಿಯ ನರ ಒತ್ತಿಹೋಗಿದ್ದರೂ ಅಷ್ಟೇ, ಎಚ್ಚರವಾಗುವಾಗಲೇ ಪಾದ ಜೋತುಬಿದ್ದಿರುತ್ತದೆ. ಬೆನ್ನಿನ ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ಕಟ್ಟಿಕೊಂಡು ಬೆನ್ನುಹುರಿಯನ್ನು ಒತ್ತುವುದು ತೀರಾ ಅಪರೂಪ. ಹಾಗಾದರೂ ಸಾಮಾನ್ಯವಾಗಿ ಗಂಟೆಗಳಲ್ಲಿ ಇಲ್ಲವೇ ಒಂದೆರಡು ದಿನಗಳಲ್ಲಿ ತೋರಿಬಿಡುತ್ತದೆ. ಚಾಕು, ಸೂಜಿ, ಒತ್ತಡ, ರಕ್ತದ ಕೊರತೆ ಇವು ಯಾವುವೂ ಸಾಮಾನ್ಯವಾಗಿ ಎರಡು ವಾರ ಕಾಯುವುದಿಲ್ಲ.

ದೇಹದಲ್ಲಿ ಒಂದೆರಡು ವಾರ ಹಿಡಿಯುವ ಕೆಲಸ ಬೇರೆಯೇ ಇದೆ. ಹೊಸದೊಂದು ವೈರಿಯನ್ನು ಗುರುತಿಸಿ, ಅದಕ್ಕೇ ಹೊಂದುವ ಪ್ರತಿಕಾಯಗಳನ್ನು ತಯಾರಿಸಲು ರೋಗನಿರೋಧಕ ವ್ಯವಸ್ಥೆಗೆ ಸುಮಾರು ಅಷ್ಟೇ ಸಮಯ ಬೇಕು. ಲಸಿಕೆ ಹಾಕಿಸಿಕೊಂಡ ಮರುದಿನವೇ ರಕ್ಷಣೆ ಸಿಗದಿರುವುದೂ ಇದೇ ಕಾರಣಕ್ಕೆ. ಹಾಗಾಗಿ ಹನ್ನೆರಡನೆಯ ದಿನ ಸೋತ ಕಾಲಿನ ಹಿಂದೆ ಇರುವುದು ಸರ್ಜನ್ ಕೈತಪ್ಪಲ್ಲ, ರೋಗಿಯ ಸ್ವಂತ ರಕ್ಷಣಾ ವ್ಯವಸ್ಥೆಯ ಗುರಿತಪ್ಪು. ತನ್ನನ್ನೇ ಶತ್ರುವೆಂದು ಬಗೆದು ದೇಹ ಹೂಡುವ ಇಂಥ ದಾಳಿಗೆ ವೈದ್ಯರು ಆಟೋಇಮ್ಯೂನ್ ಎನ್ನುತ್ತಾರೆ. ಇಲ್ಲಿ ಅದನ್ನು ಸ್ವದಾಳಿ ಎಂದು ಕರೆಯೋಣ.

ಯುದ್ಧಭೂಮಿಯಿಂದ ಬಂದ ಹೆಸರು

ಕಾಲಿನಿಂದ ಮೇಲೇರುವ ಈ ಸೋಲನ್ನು 1859ರಲ್ಲೇ ಫ್ರಾನ್ಸಿನ ವೈದ್ಯ ಜೀನ್ ಲ್ಯಾಂಡ್ರಿ ವರ್ಣಿಸಿದ್ದರು. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಫ್ರೆಂಚ್ ಸೇನೆಯ ವೈದ್ಯರಾಗಿದ್ದ ಜಾರ್ಜ್ ಗಿಯಾನ್, ಜೀನ್ ಅಲೆಕ್ಸಾಂಡರ್ ಬಾರೆ ಮತ್ತು ಆಂಡ್ರೆ ಸ್ಟ್ರೋಲ್ ಇಬ್ಬರು ಸೈನಿಕರಲ್ಲಿ ಇದೇ ಕಾಯಿಲೆ ಕಂಡರು. ಮಂಡಿಗೆ ಸುತ್ತಿಗೆಯಿಂದ ತಟ್ಟಿದರೆ ಕಾಲು ಚಿಮ್ಮುತ್ತಿರಲಿಲ್ಲ. ಬೆನ್ನಿನಿಂದ ತೆಗೆದ ನೀರಿನಲ್ಲಿ ಪ್ರೋಟೀನ್ ಹೆಚ್ಚಿತ್ತು, ಆದರೆ ಸೋಂಕಿದ್ದರೆ ಕಾಣಬೇಕಾದ ಬಿಳಿರಕ್ತಕಣಗಳು ಇರಲಿಲ್ಲ. ಇಂದಿಗೂ ರೋಗ ಗುರುತಿಸಲು ಈ ಎರಡು ಸುಳಿವುಗಳನ್ನೇ ನೋಡುತ್ತಾರೆ. ಸ್ಟ್ರೋಲ್ ಹೆಸರು ಬಿಟ್ಟುಹೋಯಿತು, ಕಾಯಿಲೆಗೆ ಗಿಯಾನ್-ಬಾರೆ ಸಿಂಡ್ರೋಮ್ ಎಂಬ ಹೆಸರು ನಿಂತಿತು. ನಮ್ಮ ಪತ್ರಿಕೆಗಳಲ್ಲಿ ಅದು ಜಿಬಿಎಸ್.

ಪ್ರಪಂಚದಾದ್ಯಂತ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವ ಕಾಯಿಲೆ ಇದು. ಮೂವರಲ್ಲಿ ಇಬ್ಬರಿಗೆ ಅದಕ್ಕೆ ಕೆಲವು ವಾರ ಮುಂಚೆ ಭೇದಿಯೋ ಶೀತಜ್ವರವೋ ಬಂದಿರುತ್ತದೆ. ಆದರೆ 1968ರಲ್ಲಿ ಬ್ಯಾರಿ ಆರ್ನಾಸನ್ ಮತ್ತು ಆರ್ಥರ್ ಆಸ್ಬರಿ ಎಂಬ ಅಮೆರಿಕದ ವೈದ್ಯರು ಆಪರೇಷನ್ ಆದ ಮೇಲೆ ಈ ಕಾಯಿಲೆ ಬಂದವರ ಒಂದು ಗುಂಪನ್ನೇ ವರದಿ ಮಾಡಿದರು. ಸೋಂಕು ಮಾಡುವ ಕೆಲಸವನ್ನು ಆಪರೇಷನ್ ಕೂಡ ಮಾಡಬಲ್ಲದೇ ಎಂಬ ಪ್ರಶ್ನೆ ಅಲ್ಲಿಂದ ಗಟ್ಟಿಯಾಯಿತು. ಅದಕ್ಕೆ ಉತ್ತರ ಬೇಕಾದರೆ ಸೋಂಕು ಏನು ಮಾಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಪೈರಿನ ವೇಷದ ಕಳೆ

ಭತ್ತದ ಗದ್ದೆಯಲ್ಲಿ ಕಳೆ ಕಿತ್ತವರಿಗೆ ಒಂದು ಹುಲ್ಲಿನ ಕಾಟ ಗೊತ್ತಿರುತ್ತದೆ. ಎಳೆಯದಿದ್ದಾಗ ಅದು ಥೇಟ್ ಭತ್ತದ ಪೈರು. ಅದೇ ಹಸಿರು, ಅದೇ ಎತ್ತರ. ಎಲೆ ಕಾಂಡಕ್ಕೆ ಸೇರುವ ಕಡೆ ಭತ್ತಕ್ಕೆ ಒಂದು ತೆಳುಪೊರೆ ಇರುತ್ತದೆ, ಆ ಹುಲ್ಲಿಗೆ ಇರುವುದಿಲ್ಲ. ಅನುಭವಸ್ಥರು ಅದನ್ನು ನೋಡಿ ಕೀಳುತ್ತಾರೆ. ಅವಸರದಲ್ಲಿ ಕೈಹಾಕಿದವರು ಕಳೆಯ ಜೊತೆ ಪೈರನ್ನೂ ಕಿತ್ತು ಬದುವಿಗೆ ಎಸೆಯುತ್ತಾರೆ.

ಕ್ಯಾಂಪೈಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಇಂಥದೇ ಕಳೆ. ಅರೆಬೆಂದ ಕೋಳಿಮಾಂಸ, ಕಲುಷಿತ ನೀರು ಇವುಗಳಿಂದ ಹೊಟ್ಟೆ ಸೇರಿ ಭೇದಿ ತರುತ್ತದೆ. ಅದರ ಹೊರಮೈಯಲ್ಲಿರುವ ಸಕ್ಕರೆಯ ಸರಪಳಿಗಳು ನಮ್ಮ ನರಗಳ ಮೇಲಿರುವ ಗ್ಯಾಂಗ್ಲಿಯೋಸೈಡ್ ಎಂಬ ಕೊಬ್ಬು-ಸಕ್ಕರೆಯ ಕಣಗಳನ್ನು ಹೋಲುತ್ತವೆ. ಜಪಾನಿನ ನರತಜ್ಞ ನೊಬುಹಿರೋ ಯೂಕಿ ಮತ್ತು ಸಂಗಡಿಗರು 1993ರಲ್ಲಿ ಈ ಹೋಲಿಕೆಯನ್ನು ತೋರಿಸಿಕೊಟ್ಟರು. 2004ರಲ್ಲಿ ಅದೇ ಬ್ಯಾಕ್ಟೀರಿಯಾದ ಹೊರಮೈ ಕಣವನ್ನು ಮೊಲಗಳಿಗೆ ಚುಚ್ಚಿ ನೋಡಿದಾಗ ಮೊಲಗಳ ಕಾಲು ಸೋತವು. ಬ್ಯಾಕ್ಟೀರಿಯಾವನ್ನು ಹೊಡೆಯಲೆಂದು ಹುಟ್ಟಿದ ಪ್ರತಿಕಾಯಗಳು ನರದ ಮೇಲೂ ಕೂತು, ಅದನ್ನು ಕೀಳತೊಡಗಿದ್ದವು.

2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಸುತ್ತಮುತ್ತ ಇನ್ನೂರರಷ್ಟು ಜನ ಜಿಬಿಎಸ್ ಶಂಕೆಯಿಂದ ಆಸ್ಪತ್ರೆ ಸೇರಿದ್ದು ನೆನಪಿರಬಹುದು. ಆಗ ಸಂಶಯ ಕುಡಿಯುವ ನೀರಿನ ಮೇಲೆ ಹೋಯಿತು, ರೋಗಿಗಳ ಮಾದರಿಗಳಲ್ಲಿ ಸಿಕ್ಕಿದ್ದು ಇದೇ ಬ್ಯಾಕ್ಟೀರಿಯಾ.

ದಾಳಿ ಎಲ್ಲಿಗೆ ತಗಲುತ್ತದೆ ಎಂಬುದರ ಮೇಲೆ ಚೇತರಿಕೆ ನಿಂತಿದೆ. ನರದ ಎಳೆಗಳಿಗೆ ಸುತ್ತಿರುವ ಕೊಬ್ಬಿನ ಪದರಕ್ಕೆ ಮಯಲಿನ್ ಎನ್ನುತ್ತಾರೆ, ನಾವು ನರಕವಚ ಎನ್ನೋಣ. ಕವಚ ಮಾತ್ರ ಹರಿದರೆ ಸಂದೇಶ ನಿಧಾನವಾಗುತ್ತದೆ ಅಥವಾ ನಿಲ್ಲುತ್ತದೆ, ಆದರೆ ಕೆಲವು ವಾರಗಳಲ್ಲಿ ಕವಚ ಮತ್ತೆ ಬೆಳೆಯುತ್ತದೆ. ಒಳಗಿನ ಎಳೆಯೇ ಸತ್ತರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆದು ಬರಬೇಕು. ಸೊಂಟದಿಂದ ಪಾದದವರೆಗಿನ ದೂರವನ್ನು ಲೆಕ್ಕ ಹಾಕಿದರೆ, ಕೆಲವರಿಗೆ ನಡೆಯಲು ವರ್ಷಗಳೇ ಏಕೆ ಬೇಕಾಗುತ್ತವೆ ಎಂಬುದು ತಿಳಿಯುತ್ತದೆ.

ಸೋಂಕಿಲ್ಲದೆ ಕಳೆ ಬಂದದ್ದೆಲ್ಲಿಂದ?

ಆಪರೇಷನ್ ಥಿಯೇಟರ್ ರೋಗಾಣು ಇರಬಾರದ ಜಾಗ. ಹಾಗಿದ್ದೂ ಸ್ವದಾಳಿ ಶುರುವಾಗಲು ಮುಖ್ಯವಾಗಿ ಮೂರು ದಾರಿಗಳನ್ನು ವಿಜ್ಞಾನಿಗಳು ಮುಂದಿಡುತ್ತಾರೆ.

ಮೊದಲನೆಯದು, ಅಡಗಿದ್ದ ಬೀಜ ಮೊಳೆಯುವುದು. ಗದ್ದೆಯ ಮಣ್ಣು ಬುಡಮೇಲಾದಾಗ ಆಳದಲ್ಲಿದ್ದ ಕಳೆಬೀಜ ಮೇಲೆ ಬರುವಂತೆ, ದೊಡ್ಡ ಆಪರೇಷನ್ ದೇಹದಲ್ಲಿ ಮಲಗಿರುವ ವೈರಸ್ಸುಗಳನ್ನು ಎಬ್ಬಿಸಬಲ್ಲದು. ಬಾಲ್ಯದಲ್ಲೋ ಯೌವನದಲ್ಲೋ ನಮ್ಮಲ್ಲಿ ಹೊಕ್ಕ ಸೈಟೋಮೆಗಲೋ ವೈರಸ್, ಎಪ್‌ಸ್ಟೀನ್-ಬಾರ್ ವೈರಸ್ ಮುಂತಾದವು ಜೀವನವಿಡೀ ಒಳಗೇ ಉಳಿದಿರುತ್ತವೆ. ಆಪರೇಷನ್ನಿನ ಒತ್ತಡದಲ್ಲಿ ಕಾರ್ಟಿಸಾಲ್ ಏರುತ್ತದೆ, ಕೆಲವು ದಿನ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಆ ಸಂದಿನಲ್ಲಿ ವೈರಸ್ ತಲೆಯೆತ್ತುತ್ತದೆ. ಶಕ್ತಿ ಮರಳಿದಾಗ ಕಳೆ ಕೀಳುವ ಕೆಲಸ ಜೋರಾಗಿ ನಡೆದು ಪೈರಿಗೂ ಕೈ ಬೀಳುತ್ತದೆ.

ಎರಡನೆಯದು, ಸೋಂಕು ಮೊದಲೇ ಇದ್ದು ಗಮನಕ್ಕೆ ಬಾರದಿರುವುದು. ಆಪರೇಷನ್ನಿಗೆ ಮುಂಚಿನ ಭೇದಿ, ನಂತರದ ಎದೆಸೋಂಕು, ಕೊಟ್ಟ ರಕ್ತದೊಂದಿಗೆ ಬಂದ ವೈರಸ್, ಇವು ನಿಜವಾದ ಕಾರಣವಾಗಿದ್ದು ಹೆಸರು ಮಾತ್ರ ಆಪರೇಷನ್ನಿಗೆ ಬಂದಿರಬಹುದು.

ಮೂರನೆಯದು, ನರದ ಚೂರುಗಳೇ ಹೊರಬಿದ್ದು ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳುವುದು. ಅಂಗಾಂಶ ಕತ್ತರಿಸಿದಾಗ ಅದರಲ್ಲಿನ ಸಣ್ಣಪುಟ್ಟ ನರಗಳೂ ಹರಿಯುತ್ತವೆ. ಎಂದೂ ಹೊರಗೆ ಕಾಣಿಸಿಕೊಳ್ಳದ ಅವುಗಳ ಅಂಶಗಳು ಗಾಯದ ಉರಿಯೂತದ ನಡುವೆ ಸಿಕ್ಕಿದರೆ, ಅವನ್ನೂ ಪರಕೀಯವೆಂದು ಬಗೆಯುವ ಸಂಭವ ಇದೆ.

ನರದ ಅಂಶ ಬೇರೆ ದಾರಿಯಿಂದ ದೇಹ ಹೊಕ್ಕರೆ ಏನಾಗುತ್ತದೆ ಎಂಬುದಕ್ಕೆ ಆಪರೇಷನ್ನಿನ ಹೊರಗೆ ಎರಡು ಬಲವಾದ ಸಾಕ್ಷ್ಯಗಳಿವೆ. ಒಂದು ನಮ್ಮದೇ ದೇಶದ್ದು. ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಹಿರಿಯರು ಹೆದರಿಸುತ್ತಿದ್ದ ಲಸಿಕೆಯನ್ನು ಡೇವಿಡ್ ಸೆಂಪಲ್ 1911ರ ಸುಮಾರಿಗೆ ಕಸೌಲಿಯಲ್ಲಿ ರೂಪಿಸಿದ್ದರು. ರೇಬಿಸ್ ವೈರಸ್ಸನ್ನು ಕುರಿಯ ಮಿದುಳಿನಲ್ಲಿ ಬೆಳೆಸಿ, ಆ ಮಿದುಳನ್ನೇ ಅರೆದು ತಯಾರಿಸುತ್ತಿದ್ದರು. ಅದು ಎಷ್ಟೋ ಜೀವ ಉಳಿಸಿತು. ಆದರೆ ಕುರಿಯ ನರಕವಚವೂ ಜೊತೆಗೇ ದೇಹ ಸೇರುತ್ತಿದ್ದುದರಿಂದ ಕೆಲವರಿಗೆ ಒಂದೆರಡು ವಾರದಲ್ಲಿ ಮಿದುಳು, ಬೆನ್ನುಹುರಿ, ನರಗಳ ಉರಿಯೂತ ಬಂತು. ಅಂಥವರ ರಕ್ತದಲ್ಲಿ ನರಕವಚದ ವಿರುದ್ಧದ ಪ್ರತಿಕಾಯಗಳು ಸಿಕ್ಕವು. ಭಾರತದಲ್ಲಿ 2005ರ ಹೊತ್ತಿಗೆ ಆ ಲಸಿಕೆ ನಿಂತಿತು.

ಇನ್ನೊಂದು ಅಮೆರಿಕದ ಮಿನೆಸೋಟ ರಾಜ್ಯದ ಆಸ್ಟಿನ್ ಊರಿನದು. 2007ರಲ್ಲಿ ಅಲ್ಲಿನ ಹಂದಿಮಾಂಸದ ಕಾರ್ಖಾನೆಯ ಕಾರ್ಮಿಕರು ಒಬ್ಬೊಬ್ಬರಾಗಿ ಕಾಲು ಸೋತು ಆಸ್ಪತ್ರೆಗೆ ಬಂದರು. ವೈದ್ಯರು ಬೇರೆಬೇರೆಯಾಗಿದ್ದರೂ ಅವರ ಮಾತನ್ನು ಅನುವಾದಿಸುತ್ತಿದ್ದ ದುಭಾಷಿ ಒಬ್ಬರೇ. ಎಲ್ಲರದೂ ಒಂದೇ ಕಥೆ ಎಂಬುದು ಹೊಳೆದದ್ದು ಆ ದುಭಾಷಿಗೆ. ಆ ಕಾರ್ಮಿಕರು ಹಂದಿಯ ತಲೆಬುರುಡೆಗೆ ಗಾಳಿಯ ಪಂಪು ಹಿಡಿದು ಮಿದುಳನ್ನು ಹೊರತೆಗೆಯುವ ಜಾಗದಲ್ಲಿ, ಇಲ್ಲವೇ ಅದರ ಹತ್ತಿರ, ಕೆಲಸಕ್ಕಿದ್ದರು. ಮಿದುಳು ಸಣ್ಣ ಹನಿಗಳಾಗಿ ಗಾಳಿ ಸೇರುತ್ತಿತ್ತು, ದಿನವಿಡೀ ಅದನ್ನು ಉಸಿರಾಡಿದವರ ದೇಹ ಹಂದಿಯ ನರಾಂಶದ ವಿರುದ್ಧ ಪ್ರತಿಕಾಯ ಬೆಳೆಸಿ ಸ್ವಂತ ನರಗಳನ್ನೂ ಹೊಡೆಯಿತು. ಪಂಪು ನಿಲ್ಲಿಸಿದ ಮೇಲೆ ಹೊಸ ರೋಗಿಗಳು ಬರಲಿಲ್ಲ.

ಒಬ್ಬ ನಿರ್ದಿಷ್ಟ ರೋಗಿಯಲ್ಲಿ ಈ ಮೂರರಲ್ಲಿ ಯಾವ ದಾರಿ ತೆರೆಯಿತೆಂದು ಹೇಳಬಲ್ಲ ಪರೀಕ್ಷೆ ಇನ್ನೂ ಇಲ್ಲ. ಆದರೆ ಮೂರೂ ದಾರಿಗಳು ಕೊನೆಗೆ ಸೇರುವುದು ಒಂದೇ ಕಡೆ: ಗಾಯ, ಗೊಂದಲ, ತಪ್ಪು ಗುರುತು, ಒಂದೆರಡು ವಾರ ಬಿಟ್ಟು ದಾಳಿ.

ಎಷ್ಟು ಅಪರೂಪ?

ಫ್ರಾನ್ಸಿನಲ್ಲಿ 2009ರಿಂದ 2014ರವರೆಗೆ ಜಿಬಿಎಸ್ ಬಂದ 8,364 ಜನರ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿದರು. ಒಬ್ಬೊಬ್ಬರನ್ನೂ ಅವರೊಂದಿಗೇ ಹೋಲಿಸಿದ್ದು ಆ ಅಧ್ಯಯನದ ಜಾಣ್ಮೆ. ಕಾಯಿಲೆಗೆ ಮುಂಚಿನ ವಾರಗಳಲ್ಲಿ ಆಪರೇಷನ್ ಆಗಿದ್ದವರು 257. ಅದೇ ಜನರ ಹಿಂದಿನ ಇನ್ನೊಂದು ಅವಧಿಯಲ್ಲಿ ಆಪರೇಷನ್ ಆಗಿದ್ದವರು 175. ಲೆಕ್ಕ ಸರಿದೂಗಿಸಿ ನೋಡಿದಾಗ ಅಪಾಯ ಒಂದೂವರೆ ಪಟ್ಟು ಹೆಚ್ಚು ಎಂದು ಕಂಡಿತು. ಮೂಳೆ ಮತ್ತು ಜೀರ್ಣಾಂಗಗಳ ಆಪರೇಷನ್ನಿನಲ್ಲಿ ನಂಟು ಎದ್ದು ಕಾಣುತ್ತಿತ್ತು. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ 208 ಜಿಬಿಎಸ್ ರೋಗಿಗಳಲ್ಲಿ 31 ಜನಕ್ಕೆ ಹಿಂದಿನ ಎಂಟು ವಾರಗಳಲ್ಲಿ ಆಪರೇಷನ್ ಆಗಿತ್ತು. ಕ್ಯಾನ್ಸರ್ ಇದ್ದವರು, ಬೇರೊಂದು ಸ್ವದಾಳಿ ಕಾಯಿಲೆ ಮೊದಲೇ ಇದ್ದವರು ಆ ಗುಂಪಿನಲ್ಲಿ ಹೆಚ್ಚಾಗಿದ್ದರು.

ಲಕ್ಷಕ್ಕೆ ಒಂದೋ ಎರಡೋ ಇರುವ ಕಾಯಿಲೆ ಒಂದೂವರೆ ಪಟ್ಟಾದರೂ ಲಕ್ಷಕ್ಕೆ ಎರಡು ಮೂರರ ಆಸುಪಾಸಿನಲ್ಲೇ ಉಳಿಯುತ್ತದೆ. ಮುರಿದ ಸೊಂಟವನ್ನೋ ಒಡೆಯಲಿರುವ ಅಪೆಂಡಿಕ್ಸನ್ನೋ ಹಾಗೇ ಬಿಡುವ ಅಪಾಯದ ಮುಂದೆ ಇದು ಏನೂ ಅಲ್ಲ.

ಒಂದೇ ತೋಳು, ಒಂದೇ ಕಾಲು

ಸ್ವದಾಳಿ ಯಾವಾಗಲೂ ಎರಡೂ ಕಾಲನ್ನು ಹಿಡಿಯುವುದಿಲ್ಲ. 1948ರಲ್ಲಿ ಇಂಗ್ಲೆಂಡಿನ ಪಾರ್ಸನೇಜ್ ಮತ್ತು ಟರ್ನರ್ ಎಂಬ ವೈದ್ಯರು 136 ರೋಗಿಗಳಲ್ಲಿ ಭುಜದ ಒಂದು ಕಾಯಿಲೆಯನ್ನು ವರ್ಣಿಸಿದರು. ಆಪರೇಷನ್ ಆದ ಕೆಲವು ದಿನಕ್ಕೆ ನಡುರಾತ್ರಿ ಒಂದು ಭುಜದಲ್ಲಿ ತಡೆಯಲಾರದ ನೋವು ಏಳುತ್ತದೆ. ನೋವು ಇಳಿಯುತ್ತ ಬಂದಂತೆ ತೋಳು ಸೋಲುತ್ತದೆ, ಗೋಡೆಗೆ ಕೈಯೊತ್ತಿ ನಿಂತರೆ ಹೆಗಲ ಹಿಂದಿನ ಮೂಳೆ ಹೊರಕ್ಕೆ ಚಾಚುತ್ತದೆ. "ಟೇಬಲ್ಲಿನ ಮೇಲೆ ಕೈ ಎಳೆದಿರಬೇಕು" ಎಂದು ಎಲ್ಲರೂ ಭಾವಿಸುತ್ತಾರೆ.

2010ರಲ್ಲಿ ಮೇಯೋ ಕ್ಲಿನಿಕ್ ತಂಡ ಆಪರೇಷನ್ನಿನ 30 ದಿನಗಳೊಳಗೆ ನರ ಸೋತ 33 ಜನರ ಅಧ್ಯಯನ ಪ್ರಕಟಿಸಿತು. ಅವರಲ್ಲಿ 23 ಜನರ ನರದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ 21ರಲ್ಲಿ ರಕ್ತನಾಳಗಳ ಸುತ್ತ ಬಿಳಿರಕ್ತಕಣಗಳು ಮುತ್ತಿಕೊಂಡಿದ್ದವು. ಎಳೆತದಿಂದಲೋ ಒತ್ತಡದಿಂದಲೋ ಆದ ಪೆಟ್ಟಿನಲ್ಲಿ ಹೀಗೆ ಕಾಣುವುದಿಲ್ಲ. ಪೆಟ್ಟು ಎಂದುಕೊಂಡು ಕಾಯುವುದಕ್ಕೂ ಉರಿಯೂತ ಎಂದು ಗುರುತಿಸಿ ಔಷಧ ಕೊಡುವುದಕ್ಕೂ ಇರುವ ಅಂತರ ರೋಗಿಯ ಪಾಲಿಗೆ ದೊಡ್ಡದು.

ಬೆನ್ನುಹುರಿಗೆ ಬಂದರೆ

ಇನ್ನೂ ಅಪರೂಪಕ್ಕೆ ದಾಳಿ ಬೆನ್ನುಹುರಿಗೇ ತಗಲುತ್ತದೆ. ಆಗ ಲಕ್ಷಣಗಳು ಬೇರೆ. ಹೊಟ್ಟೆಯ ಮೇಲೋ ಎದೆಯ ಮೇಲೋ ಒಂದು ಗೆರೆ ಎಳೆದಂತೆ, ಅದರ ಕೆಳಗೆಲ್ಲ ಸ್ಪರ್ಶ ಮಂಕಾಗುತ್ತದೆ, ಮೂತ್ರ ಕಟ್ಟುತ್ತದೆ, ಸೊಂಟದ ಸುತ್ತ ಬಿಗಿದಂತಾಗುತ್ತದೆ. ಆಪರೇಷನ್ ಆದವರಲ್ಲಿ ಇದನ್ನು ಹಿಡಿಯುವುದು ಕಷ್ಟ, ಏಕೆಂದರೆ ಮೂತ್ರಕ್ಕೆ ಆಗಲೇ ಕ್ಯಾಥೆಟರ್ ಹಾಕಿರುತ್ತಾರೆ. ನೋವಿಗೆಂದು ಬೆನ್ನಿನಲ್ಲಿ ಔಷಧದ ನಳಿಕೆ ಇದ್ದರೆ ಕಾಲು ಮರಗಟ್ಟಿದ್ದೂ ಅದರಿಂದಲೇ ಎನಿಸುತ್ತದೆ.

ಬೆನ್ನುಹುರಿಯ ಸ್ವದಾಳಿಗಳಲ್ಲಿ ಒಂದರ ಪ್ರತಿಕಾಯವನ್ನು 2004ರಲ್ಲಿ ಮೇಯೋ ಕ್ಲಿನಿಕ್‌ನ ವಂದಾ ಲೆನನ್ ಮತ್ತು ಸಂಗಡಿಗರು ಪತ್ತೆಮಾಡಿದರು. ನೀರು ಸಾಗಿಸುವ ಅಕ್ವಪೋರಿನ್-4 ಎಂಬ ಪ್ರೋಟೀನೇ ಅದರ ಗುರಿ ಎಂದು ಮರುವರ್ಷ ತಿಳಿಯಿತು. ನಮ್ಮ ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಇಂಥ ರೋಗಿಗಳ ನೋಂದಣಿಯನ್ನು ಕಟ್ಟಿ, ಈ ಕಾಯಿಲೆಗಳ ಬಗ್ಗೆ ವರ್ಷಗಳಿಂದ ಅಧ್ಯಯನ ನಡೆಸಿದ್ದಾರೆ.

ಬೆನ್ನುಹುರಿಯ ಸೋಲೆಲ್ಲ ಸ್ವದಾಳಿಯಲ್ಲ ಎಂಬುದಕ್ಕೆ ಒಂದು ಎಚ್ಚರಿಕೆ. ಅರಿವಳಿಕೆಗೆ ಬಳಸುವ ನಗೆ ಅನಿಲ ವಿಟಮಿನ್ ಬಿ12 ಅನ್ನು ನಿಷ್ಕ್ರಿಯಗೊಳಿಸುತ್ತದೆ. ದೇಹದಲ್ಲಿ ಬಿ12 ಮೊದಲೇ ತಳ ಕಂಡಿದ್ದರೆ ಆಪರೇಷನ್ ಆದ ಕೆಲವು ವಾರಗಳಲ್ಲಿ ಜೋಮು, ನಡಿಗೆಯಲ್ಲಿ ತೂರಾಟ ಶುರುವಾಗುತ್ತದೆ. ಸಸ್ಯಾಹಾರಿಗಳಲ್ಲಿ ಈ ಕೊರತೆ ಸಾಮಾನ್ಯ. ಒಂದು ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ, ಅಗ್ಗದ ಇಂಜೆಕ್ಷನ್ನಿನಿಂದ ತಡೆಯಬಹುದು.

ಕಳೆ ಕೀಳುವ ಕೈ ತಡೆಯುವುದು

ಕಾರಣ ಪ್ರತಿಕಾಯ ಎಂದಾದ ಮೇಲೆ ಚಿಕಿತ್ಸೆಯ ದಿಕ್ಕೂ ಸ್ಪಷ್ಟ. ಜಿಬಿಎಸ್‌ಗೆ ಎರಡು ದಾರಿಗಳಿವೆ. ರಕ್ತದ ದ್ರವಭಾಗವನ್ನು ಹಲವು ಬಾರಿ ತೆಗೆದು, ಅದರೊಂದಿಗೆ ಪ್ರತಿಕಾಯಗಳನ್ನೂ ಹೊರಹಾಕುವ ಪ್ಲಾಸ್ಮಾ ಬದಲಾವಣೆ ಒಂದು. ಸಾವಿರಾರು ದಾನಿಗಳ ರಕ್ತದಿಂದ ಸಂಗ್ರಹಿಸಿದ ಇಮ್ಯುನೋಗ್ಲಾಬ್ಯುಲಿನ್ ಅನ್ನು ಐದು ದಿನ ರಕ್ತನಾಳದ ಮೂಲಕ ಕೊಡುವುದು ಇನ್ನೊಂದು. 60 ಕೆಜಿ ತೂಕದವರಿಗೆ ಒಟ್ಟು 120 ಗ್ರಾಂ ಬೇಕು, ಖರ್ಚು ಲಕ್ಷಗಳಲ್ಲಿ. ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ಎರಡನ್ನೂ ಬೇಗ, ಸಾಧ್ಯವಾದರೆ ಮೊದಲ ಎರಡು ವಾರಗಳಲ್ಲೇ ಶುರುಮಾಡಬೇಕು. ಸ್ಟೀರಾಯ್ಡ್ ಜಿಬಿಎಸ್‌ನಲ್ಲಿ ಕೆಲಸ ಮಾಡುವುದಿಲ್ಲ, ಬೆನ್ನುಹುರಿಯ ಉರಿಯೂತದಲ್ಲಿ ಅದೇ ಮೊದಲ ಔಷಧ. ದಾಳಿ ಎಲ್ಲಿ ಎಂದು ಮೊದಲು ತೀರ್ಮಾನಿಸಬೇಕಾದದ್ದು ಇದಕ್ಕೇ.

ಔಷಧಕ್ಕಿಂತ ಮೊದಲು ಜೀವ ಉಳಿಸುವುದು ಉಸಿರಿನ ಕಾವಲು. ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಲು ವೈದ್ಯರು ಹೇಳುತ್ತಾರೆ. ಆರೋಗ್ಯವಂತರು ಇಪ್ಪತ್ತು ದಾಟುತ್ತಾರೆ. ಬೆಳಿಗ್ಗೆ ಇಪ್ಪತ್ತು ಎಣಿಸಿದವರು ಸಂಜೆ ಹತ್ತಕ್ಕೆ ನಿಂತರೆ ಐಸಿಯುಗೆ ಸಾಗಿಸುವ ಹೊತ್ತು ಬಂದಿದೆ. ನಾಲ್ಕೈದು ಜನರಲ್ಲಿ ಒಬ್ಬರಿಗೆ ವೆಂಟಿಲೇಟರ್ ಬೇಕಾಗುತ್ತದೆ. ಸರಿಯಾದ ಆರೈಕೆ ಸಿಕ್ಕರೆ ಬಹುಪಾಲು ಜನ ಮತ್ತೆ ನಡೆಯುತ್ತಾರೆ, ಐವರಲ್ಲಿ ಒಬ್ಬರಿಗೆ ಆರು ತಿಂಗಳಾದರೂ ಆಸರೆ ಬೇಕಾಗುತ್ತದೆ.

ಓದುಗರಲ್ಲಿ ಒಂದು ಮನವಿ

ಈ ಅಧ್ಯಾಯ ಓದಿ ಯಾರೂ ಆಪರೇಷನ್ನಿಗೆ ಹೆದರಬಾರದು. ಬೇಕಾದ ಆಪರೇಷನ್ ಮುಂದೂಡುವುದೇ ದೊಡ್ಡ ಅಪಾಯ. ಆದರೆ ಆಪರೇಷನ್ ಆದ ಮೊದಲ ಎರಡು ತಿಂಗಳು ಒಂದು ವ್ಯತ್ಯಾಸ ಗೊತ್ತಿರಲಿ. ಸಾಮಾನ್ಯ ನಿಶ್ಶಕ್ತಿ ದಿನದಿನಕ್ಕೆ ಇಳಿಯುತ್ತದೆ, ಸ್ವದಾಳಿಯ ಸೋಲು ದಿನದಿನಕ್ಕೆ ಏರುತ್ತದೆ. ಎರಡೂ ಪಾದದಲ್ಲಿ ಜೋಮು ಹಿಡಿದು ಮೇಲೇರುತ್ತಿದ್ದರೆ, ನಿನ್ನೆ ಹತ್ತಿದ ಮೆಟ್ಟಿಲನ್ನು ಇವತ್ತು ಹತ್ತಲಾಗದಿದ್ದರೆ, ಮೂತ್ರ ಕಟ್ಟಿದರೆ, ನುಂಗಲು ಇಲ್ಲವೇ ಉಸಿರಾಡಲು ಕಷ್ಟವಾದರೆ ಗಂಜಿ ಕುಡಿದು ಕಾಯಬೇಡಿ. ನರರೋಗ ತಜ್ಞರು ಮತ್ತು ವೆಂಟಿಲೇಟರ್ ಇರುವ ಆಸ್ಪತ್ರೆಗೆ ಅಂದೇ ಹೋಗಿ. ಆಪರೇಷನ್ ಯಾವ ದಿನ ಆಯಿತು, ಜೋಮು ಯಾವ ದಿನ ಶುರುವಾಯಿತು, ನಡುವೆ ಭೇದಿ ಅಥವಾ ಜ್ವರ ಬಂದಿತ್ತೇ ಎಂಬುದನ್ನು ಬರೆದುಕೊಂಡು ಹೋಗಿ. ಒಮ್ಮೆ ಈ ಕಾಯಿಲೆ ಬಂದು ವಾಸಿಯಾದವರು ಮುಂದಿನ ಯಾವುದೇ ಆಪರೇಷನ್ನಿಗೆ ಮುಂಚೆ ಅರಿವಳಿಕೆ ತಜ್ಞರಿಗೆ ಅದನ್ನು ತಪ್ಪದೆ ಹೇಳಬೇಕು, ಏಕೆಂದರೆ ಸ್ನಾಯು ಸಡಿಲಿಸುವ ಕೆಲವು ಔಷಧಗಳು ಅಂಥವರ ಹೃದಯಕ್ಕೆ ಅಪಾಯ ತರಬಲ್ಲವು.